ಶೇರ್ವಾ ಕೇಳಬೇಡಿ, ಪ್ಲೀಸ್

ಗೌರಿಬಿದನೂರಿನಲ್ಲಿ ಒಂದು ಪುಟ್ಟ ಇರಾನಿ ಕಬಾಬ್ ಹೋಟೆಲ್ ಇದೆ. ನಾಲ್ಕೈದು ಟೇಬಲ್, ಒಂದು ಇದ್ದಿಲ ಒಲೆ, ಒಂದು ಪುಟದ ಮೆನು. ಹೆಸರು ಬರೆಯಲ್ಲ, ಬರೆದರೆ ದುಡ್ಡು ತಗೊಂಡು ಬರೆದ ಅಂತೀರಿ. ನಡೆಸುವ ಭಾಯ್ ಅಲೀಪುರದವರು. ಅಲೀಪುರ ಗೊತ್ತಲ್ವಾ? ನಮ್ಮ ತಾಲ್ಲೂಕಿನದೇ ಊರು. ಶಿಯಾ ಮುಸ್ಲಿಮರೇ ಜಾಸ್ತಿ, ಹರಳಿನ ವ್ಯಾಪಾರಕ್ಕೆ ಹೆಸರುವಾಸಿ. ಓದೋಕೆ, ಯಾತ್ರೆಗೆ ಅಂತ ಇರಾನ್‌ಗೆ ಹೋಗಿ ಬರುವುದು ಅಲ್ಲಿ ಹೊಸದೇನಲ್ಲ. ಈ ಭಾಯ್ ಕೂಡ ಅಲ್ಲಿನ ಮಶ್ಹದ್ ನಗರದಲ್ಲಿ ಕೆಲವು ವರ್ಷ ಇದ್ದು, ಅಡುಗೆ ಕಲಿತು ಬಂದವರು.

ಹೋದ ವಾರ ಹೋದಾಗ ಮೆನುವಿನ ಕೆಳಗೆ ಪೆನ್ನಿನಲ್ಲಿ ಹೊಸ ಸಾಲು ಸೇರಿತ್ತು. ಚಿಕನ್ ಬಿರಿಯಾನಿ. ಅದರ ಕೆಳಗೆ ಗೋಬಿ ಮಂಚೂರಿ. ಯಾಕೆ ಭಾಯ್ ಅಂದೆ. "ಏನ್ ಮಾಡೋದಣ್ಣ, ಬಂದೋರೆಲ್ಲ ಅದನ್ನೇ ಕೇಳ್ತಾರೆ. ಬಾಡಿಗೆ ಕಟ್ಟಬೇಕಲ್ಲ" ಅಂದರು.

ಅದಕ್ಕೇ ಈ ಪೋಸ್ಟು.

ನಮ್ಮ ಕಡೆ ಕಬಾಬ್ ಅಂದರೆ ಸಂಜೆ ಗಾಡಿಯಲ್ಲಿ ಎಣ್ಣೆಗೆ ಬಿಡುವ ಕೆಂಪು ಚಿಕನ್. ನನಗೂ ಇಷ್ಟವೇ. 2024ರ ಜೂನ್‌ನಲ್ಲಿ ಸರ್ಕಾರ ಕಬಾಬ್‌ಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿದ ಮೇಲೂ ಅದರ ಮೇಲಿನ ಆಸೆ ಹೋಗಿಲ್ಲ. ಆದರೆ ಆ ರುಚಿ ನಾಲಿಗೆಯಲ್ಲಿ ಇಟ್ಟುಕೊಂಡು ಇಲ್ಲಿಗೆ ಬಂದರೆ ನಿರಾಸೆ ಗ್ಯಾರಂಟಿ. ಪಕ್ಕದ ಟೇಬಲ್‌ನಲ್ಲಿ ಒಬ್ಬರು ಮೊದಲ ತುತ್ತಿಗೇ "ಏನ್ ಭಾಯ್, ಖಾರಾನೇ ಇಲ್ವಲ್ಲ? ಸ್ವಲ್ಪ ಶೇರ್ವಾ ಕೊಡಿ" ಅಂದರು. ಶೇರ್ವಾ ಇಲ್ಲ ಅಂದಿದ್ದಕ್ಕೆ ಮುಖ ಸಪ್ಪಗಾಯಿತು.

ಖಾರ ಇಲ್ಲ, ನಿಜ. ಇರಬಾರದು ಕೂಡ. ಕೂಬಿದೇ ಅನ್ನೋ ಕೈಮಾ ಕಬಾಬ್‌ಗೆ ಕುರಿ ಮಾಂಸ, ಈರುಳ್ಳಿ, ಉಪ್ಪು, ಕಾಳುಮೆಣಸು, ಹೆಚ್ಚು ಕಮ್ಮಿ ಅಷ್ಟೇ. ಕೆಲಸ ಇರೋದು ಕೈಯಲ್ಲಿ. ಈರುಳ್ಳಿ ತುರಿದು ನೀರನ್ನೆಲ್ಲ ಹಿಂಡಬೇಕು, ಇಲ್ಲದಿದ್ದರೆ ಮಾಂಸ ಕಂಬಿಯಿಂದ ಜಾರಿ ಕೆಂಡಕ್ಕೆ ಬೀಳುತ್ತದೆ. ಕೊಬ್ಬು ಚೆನ್ನಾಗಿರಬೇಕು. ಇರಾನಿನಲ್ಲಿ ದಪ್ಪ ಬಾಲದ ಕುರಿ ಇದೆ, ಆ ಬಾಲದ ಕೊಬ್ಬನ್ನೇ ಸೇರಿಸುತ್ತಾರೆ. ನಮ್ಮ ಕುರಿಗೆ ಅಂಥ ಬಾಲ ಎಲ್ಲಿ ಬರಬೇಕು? ಭಾಯ್ ಕಸಾಯಿ ಅಂಗಡಿಯಲ್ಲಿ ಹೇಳಿಟ್ಟು ಬೇರೆ ಕೊಬ್ಬು ತರಿಸುತ್ತಾರೆ. ಕೈಮಾ ಅಂಟು ಬರುವ ತನಕ ನಾದಿ, ಅಗಲ ಕಂಬಿಗೆ ಮೆತ್ತಿ, ಎರಡು ಬೆರಳಲ್ಲಿ ಉದ್ದಕ್ಕೂ ಒತ್ತುತ್ತಾ ಹೋಗುತ್ತಾರೆ. ಒಲೆಗೆ ಜಾಲರಿ ಇಲ್ಲ. ಕಂಬಿಯ ಎರಡು ತುದಿ ಮಾತ್ರ ಅಂಚಿನ ಮೇಲೆ, ಮಾಂಸ ಕೆಂಡದ ಮೇಲೆ ತೇಲುತ್ತಿರುತ್ತದೆ. ಇಟ್ಟ ತಕ್ಷಣ ಚಕಚಕ ಅಂತ ತಿರುವಬೇಕು. ಆ ಹೊತ್ತಿನಲ್ಲಿ ಭಾಯ್‌ನ ಮಾತಾಡಿಸಿದರೆ ಉತ್ತರ ಬರಲ್ಲ.

ಪಕ್ಕದ ಕಂಬಿಯಲ್ಲಿ ಟೊಮೆಟೊ. ಚಿಂತಾಮಣಿ ಮಾರುಕಟ್ಟೆ ಇರುವ ಜಿಲ್ಲೆಯಲ್ಲಿ ಹುಟ್ಟಿ, ಟೊಮೆಟೊವನ್ನು ಸಾರಿಗೂ ಗೊಜ್ಜಿಗೂ ಬಿಟ್ಟು ಬೇರೆ ಥರ ತಿಂದಿರಲಿಲ್ಲ ನಾನು. ಸಿಪ್ಪೆ ಕಪ್ಪಾಗಿ ಒಡೆದು, ಒಳಗೆ ಕುದಿಯುತ್ತಿರುತ್ತದೆ. ಅನ್ನದ ಮೇಲೆ ಹಿಸುಕಬೇಕು. ಅದೇ ಶೇರ್ವಾ ಅನ್ಕೊಳ್ಳಿ! ಮೇಲೆ ಸುಮಾಕ್ ಅನ್ನೋ ಹುಳಿ ಪುಡಿ ಉದುರಿಸಿಕೊಳ್ಳಿ, ಬಣ್ಣ ನೋಡಿ ಖಾರದ ಪುಡಿ ಅಂತ ಹೆದರಬೇಡಿ.

ಇನ್ನು ಅನ್ನ. ಇಲ್ಲಿಗೆ ಬರುವವರು ಕಬಾಬ್ ಬಗ್ಗೆ ಮಾತಾಡುತ್ತಾರೆ, ನನ್ನ ಕೇಳಿದರೆ ಅನ್ನಕ್ಕಾಗಿಯೇ ಹೋಗಬೇಕು. ಬಾಸ್ಮತಿಯನ್ನು ಉಪ್ಪು ನೀರಲ್ಲಿ ನೆನೆಸಿ, ಮುಕ್ಕಾಲು ಬೇಯಿಸಿ, ಬಸಿದು, ಮುಚ್ಚಳಕ್ಕೆ ಬಟ್ಟೆ ಸುತ್ತಿ ಸಣ್ಣ ಉರಿಯಲ್ಲಿ ದಮ್ ಕೊಡುತ್ತಾರೆ. ಒಂದಕ್ಕೊಂದು ಅಂಟದ ಅಗುಳು. ಮೇಲೆ ಬೆಣ್ಣೆ, ಒಂದು ಕಡೆ ಕೇಸರಿ ನೀರು ಬಿದ್ದ ಹಳದಿ ಅನ್ನ. ಪ್ರಪಂಚದ ಕೇಸರಿಯಲ್ಲಿ ಬಹುಪಾಲು ಬೆಳೆಯುವುದು ಇರಾನಿನಲ್ಲೇ, ಅದರಲ್ಲೂ ಮಶ್ಹದ್ ಇರುವ ಖೊರಾಸಾನ್ ಕಡೆ. ಒಂದು ಹೂವಿಗೆ ಮೂರೇ ಎಳೆ, ಬೆಲೆ ಯಾಕೆ ಹಾಗೆ ಅಂತ ಕೇಳಬೇಡಿ. ಪಾತ್ರೆಯ ತಳದಲ್ಲಿ ಗರಿಗರಿಯಾಗಿ ಹೊಂಬಣ್ಣಕ್ಕೆ ಬರುವ ಪದರ ತಾಹ್‌ದೀಗ್. ನಮ್ಮ ಮನೆಗಳಲ್ಲಿ ತಳ ಹಿಡಿದರೆ ಬೈಗುಳ, ಅವರಲ್ಲಿ ಅದಕ್ಕೇ ಜಗಳ.

ನನ್ನ ತಕರಾರು ಬರುವುದು ಇಲ್ಲೇ. ಅಡುಗೆಮನೆಯಲ್ಲಿ ಇರೋದು ಭಾಯ್ ಮತ್ತು ಒಬ್ಬ ಹುಡುಗ. ಈ ಅನ್ನಕ್ಕೆ ಮಧ್ಯಾಹ್ನದಿಂದಲೇ ಒಬ್ಬರ ಕಣ್ಣು ಬೇಕು, ಇನ್ನೊಬ್ಬರು ಕೆಂಡ ಬಿಟ್ಟು ಕದಲುವ ಹಾಗಿಲ್ಲ. ಅಲ್ಲಿಗೆ ಬಿರಿಯಾನಿ, ಮಂಚೂರಿ ಬಂದರೆ ಯಾವುದು ಮೊದಲು ಕೆಡುತ್ತದೆ ಅಂತ ಬಿಡಿಸಿ ಹೇಳಬೇಕಾ? ನಮ್ಮ ಕಡೆ ಒಂದು ಮುದ್ದೆ-ನಾಟಿಕೋಳಿ ಮೆಸ್ ಹೀಗೇ ಹಾಳಾಯಿತು. ಮೊದಲು ಫ್ರೈಡ್ ರೈಸ್ ಬಂತು, ಆಮೇಲೆ ತಂದೂರಿ. ಕೊನೆಗೆ ಮುದ್ದೆ ತಣ್ಣಗೆ ಬರತೊಡಗಿತು, ಜನ ಬಿಟ್ಟರು. ಬಿರಿಯಾನಿ ಬೇಕಾದರೆ ಆ ಬೀದಿಯಲ್ಲೇ ಬೇಕಾದಷ್ಟು ಕಡೆ ಸಿಗುತ್ತದೆ. ಈ ಅನ್ನ ಬೇಕಾದರೆ ಬೆಂಗಳೂರಿಗೆ ಬಸ್ ಹತ್ತಬೇಕು.

ಬಾಡಿಗೆಯ ಮಾತು ಸುಳ್ಳಲ್ಲ. ಅದಕ್ಕೆ ನಾವು ಹೋಗಿ ತಿನ್ನಬೇಕು, ಬೇರೆ ದಾರಿ ಇಲ್ಲ. ಹಾಗಂತ ಎಲ್ಲ ಚೆನ್ನಾಗಿದೆ ಅಂತಲೂ ಹೇಳಲ್ಲ. ಪುದೀನ ಹಾಕಿದ ಮಜ್ಜಿಗೆ, ದೂಗ್, ತುಂಬಾ ಉಪ್ಪು. ಜೂಜೆ, ಅಂದರೆ ಕೇಸರಿ, ನಿಂಬೆಹಣ್ಣು ಹಾಕಿ ನೆನೆಸಿದ ಚಿಕನ್, ಕೆಲವು ದಿನ ಒಣಗಿರುತ್ತದೆ. ಎದೆ ಮಾಂಸ ಬಿಟ್ಟು ತೊಡೆ ಮಾಂಸ ಹಾಕಿ ಅಂತ ಹೇಳಿದ್ದೇನೆ, ನೋಡೋಣ. ರೇಟು ಜಾಸ್ತಿ, ಊಟಕ್ಕೆ ಕಾಯಬೇಕಾದ ಹೊತ್ತೂ ಜಾಸ್ತಿ. ಫ್ಯಾನ್ ಒಂದು ರಿಪೇರಿ ಆಗಬೇಕು.

ಹೋಗುವವರು ಏಳು ಗಂಟೆ ಒಳಗೆ ಹೋಗಿ, ಆಮೇಲೆ ತಾಹ್‌ದೀಗ್ ಉಳಿಯಲ್ಲ. ಕೂಬಿದೇ ಹೇಳಿ, ಹಸಿ ಈರುಳ್ಳಿ ಕೇಳಿ ಹಾಕಿಸಿಕೊಳ್ಳಿ. ಖಾರ ಬೇಕೇ ಬೇಕು ಅಂದರೆ ಒಂದು ಹಸಿಮೆಣಸಿನಕಾಯಿ ಕೊಡುತ್ತಾರೆ, ಕಚ್ಚಿಕೊಂಡು ತಿನ್ನಿ. ಬಿರಿಯಾನಿ ಇದೆಯಾ ಅಂತ ಮಾತ್ರ ಕೇಳಬೇಡಿ.