ಗುಮ್ಮಟವನ್ನು ಎಣಿಸಿ ನೋಡಿ

ಸೊಲ್ಲಾಪುರದಿಂದ ವಿಜಯಪುರಕ್ಕೆ ಸುಮಾರು 100 ಕಿಲೋಮೀಟರ್. ತಂಗಿಯನ್ನು ಆ ಊರಿಗೇ ಕೊಟ್ಟಿದ್ದರಿಂದ ವರ್ಷಕ್ಕೆ ನಾಲ್ಕೈದು ಸಲ ಹೋಗಿಬರುತ್ತೇನೆ. ಹೋದಾಗಲೆಲ್ಲ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತದೆ. ಅಂಗಡಿಯ ಬೋರ್ಡು, ಮದುವೆಯ ಕೈಚೀಲ, ಕೀಲಿಗೊಂಚಲು, ಎಲ್ಲದರ ಮೇಲೂ ಗೋಳಗುಮ್ಮಟ ಇರುತ್ತದೆ. ಆದರೆ ಎಲ್ಲೆಡೆಯೂ ಅದೇ ಹೊರಗೆರೆ: ನಡುವೆ ಗುಮ್ಮಟ, ಮೂಲೆಗೊಂದು ಮಿನಾರು. ಊರಿನವರ ಪ್ರೀತಿ ಅದರಲ್ಲಿ ಕಾಣುತ್ತದೆ, ನಿಜ. ಅಷ್ಟು ದೊಡ್ಡ ಕಟ್ಟಡದಿಂದ ನಾವು ಅದರ ನೆರಳನ್ನಷ್ಟೇ ತಂದುಕೊಂಡೆವಲ್ಲ ಎಂದು ನನಗೆ ಸಂಕಟವಾಗುತ್ತದೆ.

ನಾನು ಚಾದರಕ್ಕೆ ನಕಾಶಿ ತೆಗೆಯುವವನು. ಜಕಾರ್ಡ್ ಮಗ್ಗದ ನಕಾಶಿ ಎಂದರೆ ಗ್ರಾಫ್ ಹಾಳೆಯ ಕೆಲಸ. ಹಾಳೆಯ ಮೇಲೆ ತುಂಬಿದ ಮನೆಗಳು ಪಂಚ್ ಕಾರ್ಡಿನಲ್ಲಿ ತೂತುಗಳಾಗುತ್ತವೆ, ತೂತು ಇದ್ದಲ್ಲಿ ಹಾಸಿನ ಎಳೆ, ಅಂದರೆ ಉದ್ದದ ಎಳೆ, ಮೇಲೇಳುತ್ತದೆ, ಅದರ ಕೆಳಗೆ ಅಡ್ಡ ಎಳೆಯಾದ ಹೊಕ್ಕು ಹಾಯುತ್ತದೆ. ಕಲಿಯುವ ಕಾಲದಲ್ಲಿ ನಮ್ಮ ಓಣಿಯ ಒಂದು ಹಳೇ ವಾಡೆಯ ಮಹಡಿ ಕಮಾನು ನನಗೆ ಬಹಳ ಸೇರಿತ್ತು. ಅರ್ಧಚಂದ್ರದ ಹಾಗಿದ್ದ ಅದನ್ನು ಚೌಕಮನೆಗಳ ಹಾಳೆಯ ಮೇಲೆ ಒಪ್ಪವಾಗಿ ಇಳಿಸಿ ಕೊಟ್ಟೆ. ಮಗ್ಗದಿಂದ ಬಂದದ್ದು ನೋಡಿದರೆ ಕಮಾನು ಮೊಟ್ಟೆಯಂತೆ ಉದ್ದವಾಗಿತ್ತು. ಕಲಿಸುತ್ತಿದ್ದ ಕಾಕಾ, ಮನೆಮಾತು ತೆಲುಗಾದರೂ ನನ್ನ ಜೊತೆ ಕನ್ನಡವೇ ಆಡುವವರು, ಬಟ್ಟೆಯನ್ನು ಬೆಳಕಿಗೆ ಹಿಡಿದು, "ಇಂಚಿಗಿ ಹಾಸು ಎಷ್ಟು, ಹೊಕ್ಕು ಎಷ್ಟು, ಮೊದಲ ಎಣಸಬೇಕು ತಮ್ಮಾ. ಆಮ್ಯಾಲ ಪೆನ್ಸಿಲ್ ಹಿಡೀಬೇಕು" ಅಂದರು. ಆ ಮಗ್ಗದಲ್ಲಿ ಇಂಚಿಗೆ ಹಾಸಿನೆಳೆ ಹೆಚ್ಚು, ಹೊಕ್ಕಿನೆಳೆ ಕಡಿಮೆ. ಹಾಗಾಗಿ ಹಾಳೆಯಲ್ಲಿ ಚೌಕವಾಗಿದ್ದ ಮನೆ ಬಟ್ಟೆಯಲ್ಲಿ ಎತ್ತರಕ್ಕೆ ಹಿಗ್ಗುತ್ತದೆ. ಹೊರಡುವಾಗಲೇ ಕಮಾನನ್ನು ಕುಳ್ಳಗೆ ತೆಗೆಯಬೇಕಿತ್ತು.

ಮರುದಿನ ಅದೇ ವಾಡೆಯ ಮುಂದೆ ನಿಂತು ಬೇರೆಯೇ ಕಣ್ಣಿನಿಂದ ನೋಡಿದೆ. ಕಮಾನಿಗೆ ಕಲ್ಲು ಎಷ್ಟು? ಎರಡು ಕಂಬದ ನಡುವೆ ಕಟಾಂಜನದ, ಅಂದರೆ ಮಹಡಿ ಕಟಕಟೆಯ, ಸರಳು ಎಷ್ಟು? ಸರಳು ಬಾಗಿದ ಜಾಗ ಅದರ ಎತ್ತರದ ಎಷ್ಟನೇ ಪಾಲಿಗೆ? ಕಟ್ಟಿದ ಗೌಂಡಿಯೂ ಎರಕ ಹೊಯ್ದವನೂ ಮೊದಲು ಲೆಕ್ಕ ಹಾಕಿದ್ದರು ಅನ್ನುವುದು ಆವತ್ತು ಹೊಳೆಯಿತು. ಅಪ್ಪಾಸಾಹೇಬ ವಾರದ ಅವರು ಕಟ್ಟಿಸಿದ ಇಂದ್ರಭವನದ ಮುಂದೆಯೂ, ಈಗ ಅದು ಪಾಲಿಕೆಯ ಕಟ್ಟಡ, ನಾನು ಹೀಗೆ ಗಂಟೆಗಟ್ಟಲೆ ನಿಂತದ್ದುಂಟು.

ಸೊಲ್ಲಾಪುರದವರು ಜಾಣರು, ಕರ್ನಾಟಕದವರಿಗೆ ತಿಳಿಯದು ಎಂದು ಹೇಳುತ್ತಿಲ್ಲ. ನನ್ನ ಆಯಿ ಈ ವಿದ್ಯೆಯನ್ನು ಧಾರವಾಡದ ಕಡೆಯಿಂದಲೇ ತಂದಿದ್ದಳು. ಕಸೂತಿ ಹಾಕುವಾಗ ಸೀರೆಯ ಮೇಲೆ ಗೆರೆ ಎಳೆದುಕೊಂಡದ್ದು ನಾನು ಕಂಡಿಲ್ಲ. ಎಳೆ ಎಣಿಸಿ ಸೂಜಿ ಇಳಿಸುತ್ತಿದ್ದಳು. ಗವಂತಿ ಎಂಬ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಬರುವಾಗ ಬಿಟ್ಟದ್ದನ್ನು ತುಂಬುತ್ತಾರೆ, ಗಂಟು ಹಾಕುವುದಿಲ್ಲ, ಒಳಮೈ ಹೊರಮೈ ಎರಡೂ ಒಂದೇ. ಆಯಿಯ ಸೆರಗಿನಲ್ಲಿ ಗೋಪುರ ಇತ್ತು, ತೇರು ಇತ್ತು, ತುಳಸಿಕಟ್ಟೆ ಇತ್ತು. ಇದು ಯಾವ ಊರಿನ ಗೋಪುರ ಎಂದು ಕೇಳಿದರೆ ಉತ್ತರವಿಲ್ಲ. ಅಂತಸ್ತಿನಿಂದ ಅಂತಸ್ತಿಗೆ ಎರಡೆರಡು ಹೊಲಿಗೆ ಒಳಸರಿದು ಕಳಸಕ್ಕೆ ಮುಟ್ಟುವ ಆ ನಡಿಗೆಯನ್ನಷ್ಟೇ ಅವಳು ಗುಡಿಯಿಂದ ತಂದಿದ್ದಳು. ಆ ಹೆಂಗಸರು ಗುಡಿಯ ಚಿತ್ರ ಬರೆಯಲಿಲ್ಲ, ಗುಡಿಯನ್ನು ಓದಿಕೊಂಡರು. ನಮ್ಮ ಪದ್ಧತಿ ಅದು. ಅದನ್ನೇ ಬಿಟ್ಟು ಈಗ ಫೋಟೋದ ಅಂಚು ಕತ್ತರಿಸಿ ಅಂಟಿಸುವುದು ವಿನ್ಯಾಸ ಎನಿಸಿಕೊಂಡಿದೆ.

ಗೋಳಗುಮ್ಮಟದ ಒಳಗೆ ಹೋಗಿ ಕತ್ತೆತ್ತಿ ನೋಡಿ. 1656ರ ಕಟ್ಟಡ, ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಕೆಳಗಿನ ಹಜಾರ ಚೌಕ, ಮೇಲಿನ ಗುಮ್ಮಟ ದುಂಡು. ಚೌಕದ ಮೇಲೆ ದುಂಡನ್ನು ಕೂರಿಸುವುದು ಹೇಗೆ? ಎಂಟು ಕಮಾನುಗಳು ಒಂದನ್ನೊಂದು ದಾಟಿಹೋಗುತ್ತವೆ. ಒಂದು ನೇರ ಚೌಕ, ಅದರ ಮೇಲೆ 45 ಡಿಗ್ರಿ ತಿರುಗಿಸಿಟ್ಟ ಇನ್ನೊಂದು ಚೌಕ, ಎರಡೂ ಸೇರಿ ಎಂಟು ಮೂಲೆಯ ನಕ್ಷತ್ರ. ಅಷ್ಟು ಭಾರ ಇಳಿಯುವ ದಾರಿಯೇ ಆ ನಕ್ಷತ್ರ. ಕಸೂತಿ ಬಲ್ಲವರು ಇದನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ. ನೇರ ಚೌಕಕ್ಕೆ ಗವಂತಿ, ವಾರೆ ಚೌಕಕ್ಕೆ ಮೆಟ್ಟಿಲುಮೆಟ್ಟಿಲಾಗಿ ಏರುವ ಮುರ್ಗಿ ಹೊಲಿಗೆ. ಬಟ್ಟೆಗೆಂದೇ ಹೇಳಿಮಾಡಿಸಿದಂತಿದೆ. ನಾನು ಸುತ್ತಾಡಿದ ಅಂಗಡಿಗಳಲ್ಲಿ ಒಂದು ಸೆರಗಿನ ಮೇಲೂ ಅದನ್ನು ಕಾಣಲಿಲ್ಲ.

ನಮ್ಮಲ್ಲಿ ಎಲ್ಲ ಸರಿಯಿದೆ ಎಂದಲ್ಲ. ಸೊಲ್ಲಾಪುರದ ವ್ಯಾಪಾರಿಗಳೂ ಈಗ ಮೊಬೈಲಿನಲ್ಲಿ ಯಾವುದೋ ದೇಶದ ಹೂವು ತೋರಿಸಿ ಇದನ್ನೇ ತೆಗೆದುಕೊಡು ಅನ್ನುತ್ತಾರೆ. ನಾನು ಕಲಿತ ಆ ವಾಡೆ ಹೋದ ಬೇಸಿಗೆಯಲ್ಲಿ ನೆಲಕ್ಕೆ ಬಿತ್ತು, ಕಟಾಂಜನ ಗುಜರಿಗೆ ಕಿಲೋ ಲೆಕ್ಕದಲ್ಲಿ ಹೋಯಿತು. ಅದರ ಸರಳಿನ ಲೆಕ್ಕ ನನ್ನ ವಹಿಯಲ್ಲಿದೆ. ಓಣಿಗೆ ಒಬ್ಬರಾದರೂ ಹೀಗೆ ಅಳತೆ ಬರೆದಿಟ್ಟುಕೊಳ್ಳಬೇಕು, ಶಾಲೆಯ ಚಿತ್ರಕಲೆಯ ತಾಸಿನಲ್ಲಿ ಮಕ್ಕಳನ್ನು ಗ್ರಾಫ್ ಹಾಳೆ ಕೊಟ್ಟು ಬೀದಿಗೆ ಕರೆದೊಯ್ಯಬೇಕು ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ದೀಪಾವಳಿಗೆ ಹೋದಾಗ ತಂಗಿಯ ಮಗಳನ್ನು ಗುಮ್ಮಟದೊಳಗೆ ಕರೆದುಕೊಂಡು ಹೋದೆ. ಮನೆಗೆ ಬಂದು ಇಳಕಲ್ ಸೀರೆಯ ತುಂಡೊಂದನ್ನು ಕೊಟ್ಟು ನಕ್ಷತ್ರ ಹಾಕು ಅಂದೆ. ಮೊದಲನೆಯದರಲ್ಲಿ ವಾರೆ ಚೌಕ ಸಣ್ಣದಾಯಿತು. ಇಬ್ಬರೂ ಕೂತು ಲೆಕ್ಕ ಹಾಕಿದೆವು: ನಡುವಿನಿಂದ 5 ಹೊಲಿಗೆಗೆ ನೇರ ಚೌಕದ ಅಂಚು ಬಂದರೆ, ವಾರೆ ಚೌಕದ ತುದಿ 7ಕ್ಕೆ ಬರಬೇಕು. ಹಾಕಿದಳು, ಎಂಟು ಮೂಲೆಯೂ ಕೂಡಿದವು. "ಮಾಮಾ, ಸೆರಗಿಗೆ ಇದು ಭಾಳ ಸಣ್ಣದಾತು" ಅಂದಳು. ದೊಡ್ಡದಕ್ಕೆ 12 ಮತ್ತು 17 ಎಂದು ಬರೆದುಕೊಟ್ಟು ಬಂದಿದ್ದೇನೆ. ಮೊನ್ನೆ ಫೋನಿನಲ್ಲಿ ಹೇಳಿದಳು, ನೇರ ಚೌಕ ಮುಗಿದಿದೆಯಂತೆ.