ಸಿಮೆಂಟ್ ಶಿಲ್ಪ ಕಲಿಯುವವರು ಮೊದಲು ಕಂಬಿ ಕಟ್ಟುವುದನ್ನು ಕಲಿಯಿರಿ

ಕೊಡಗಿನಲ್ಲಿ ಈಗ ರೆಸಾರ್ಟು, ಹೋಂಸ್ಟೇ ಅಂದರೆ ಸಿಮೆಂಟಿನ ಮರದ ಬೊಡ್ಡೆ, ಕೃತಕ ಬಂಡೆ, ಪುಟ್ಟ ಜಲಪಾತ, ಗೇಟಿನ ಪಕ್ಕ ಒಂದು ಆನೆ ಬೇಕೇ ಬೇಕು. ಕೆಲಸ ಇದೆ. ಆದರೆ ಎರಡು ಮಳೆಗಾಲದಲ್ಲೇ ಬಣ್ಣ ಸಿಪ್ಪೆ ಎದ್ದು, ಬಿರುಕಿನಿಂದ ತುಕ್ಕಿನ ನೀರು ಇಳಿಯುವ ಆನೆಗಳೂ ಇವೆ. ಅವುಗಳ ಕಣ್ಣು, ಸೊಂಡಿಲು ಚೆನ್ನಾಗಿಯೇ ಇರುತ್ತವೆ. ಕೆಟ್ಟಿರುವುದು ಒಳಗಿನ ಕೆಲಸ. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಶಿಲ್ಪಕಲೆ ಓದಿ ಬಂದವರಾದರೂ ಒಂದು ವರ್ಷ ಕಂಬಿ ಕಟ್ಟುವವರ ಜೊತೆ, ಗಾರೆ ಮೇಸ್ತ್ರಿಯ ಜೊತೆ ದುಡಿಯಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮರದ ಬೊಡ್ಡೆಯಂಥ ಸಣ್ಣ ಕೆಲಸಕ್ಕೆ 8 ಎಂಎಂ ಕಂಬಿ ನಿಲ್ಲಿಸಿ, ಅರ್ಧ ಅಡಿಗೊಂದು 6 ಎಂಎಂ ಬಳೆ ಕಟ್ಟಿ. ಮೇಲೆ ಎರಡು ಸುತ್ತು ಚಿಕನ್ ಮೆಶ್ (ತೆಳು ತಂತಿಯ ಬಲೆ), ಸತು ಲೇಪನ ಇರುವುದೇ ಆಗಬೇಕು. ಮೆಶ್ ಸಡಿಲವಿದ್ದರೆ ಗಾರೆ ಒತ್ತಿದಾಗ ಅದು ಹಿಂದಕ್ಕೆ ಸರಿದು ಟೊಳ್ಳು ಉಳಿಯುತ್ತದೆ. ಅಲ್ಲಿ ನೀರು ನಿಲ್ಲುತ್ತದೆ, ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದಲೇ ಗಾರೆಯನ್ನು ಸೀಳುತ್ತದೆ. ನಮ್ಮ ಮಳೆಗೆ ಕಂಬಿಯ ಮೇಲೆ ಮುಕ್ಕಾಲು ಇಂಚಾದರೂ ಗಾರೆ ಇರಲಿ. ಟೊಳ್ಳು ಶಿಲ್ಪಕ್ಕೆ ಬುಡದಲ್ಲಿ ನೀರು ಹೋಗುವ ತೂತು ಬಿಡಿ.

ಗಾರೆ 1:3, ಅಂದರೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು. ಒಂದು ಚೀಲ ಸಿಮೆಂಟಿಗೆ ನೀರು 20ರಿಂದ 22 ಲೀಟರ್, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಮೊದಲ ಕೋಟನ್ನು ಒರಟಾಗಿ ಗೀರಿ ಬಿಡಿ. ತೊಗಟೆ ಕೆತ್ತುವ ಕೋಟು ಒಂದು ಇಂಚು. ಬೆರಳೊತ್ತಿದರೆ ಗುರುತು ಉಳಿಯಬೇಕು, ಗಾರೆ ಅಂಟಬಾರದು. ಅದೇ ಕೆತ್ತುವ ಹೊತ್ತು. ಡಿಸೆಂಬರ್ ಚಳಿಯಲ್ಲಿ ಅದು ತಡವಾಗಿ ಬರುತ್ತದೆ, ಮಾರ್ಚ್ ಬಿಸಿಲಲ್ಲಿ ಬೇಗ ಕಳೆದುಹೋಗುತ್ತದೆ. ಬೇಗ ಗಟ್ಟಿಯಾಗಲೆಂದು ಮೇಲೆ ಒಣ ಸಿಮೆಂಟು ಉದುರಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಜೇಡರಬಲೆಯಂಥ ಸಣ್ಣ ಬಿರುಕುಗಳು ಹುಟ್ಟುವುದು ಅಲ್ಲಿಂದಲೇ. ಏಳು ದಿನ ಒದ್ದೆ ಗೋಣಿ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಹೊರಗೆ ಮಂಜಿದೆ ಎಂದು ನೀರು ಹೊಡೆಯುವುದನ್ನು ತಪ್ಪಿಸಬೇಡಿ.

ಬಣ್ಣಕ್ಕೆ 28 ದಿನ ಕಾಯಿರಿ. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ಸುಡುತ್ತದೆ. ಎನಾಮೆಲ್ ಬೇಡ, ಒಳಗಿನ ತೇವ ಅದರಲ್ಲಿ ಗುಳ್ಳೆ ಎಬ್ಬಿಸುತ್ತದೆ. ಹೊರಗೋಡೆಯ ಅಕ್ರಿಲಿಕ್‌ಗೆ ಕಬ್ಬಿಣದ ಆಕ್ಸೈಡ್‌ನ ಕೆಂಪು, ಹಳದಿ, ಕಪ್ಪು ಬೆರೆಸಿ, ನೀರಾಗಿ ಮೂರು ನಾಲ್ಕು ಪದರ ಕೊಟ್ಟರೆ ಬಂಡೆ ಬಂಡೆಯಂತೆಯೇ ಕಾಣುತ್ತದೆ.

ಸಿಮೆಂಟ್ ಮರದ ಕೈಹಿಡಿ, ಕಾಲುಸೇತುವೆ ಮಾತ್ರ ಬೇರೆ ಲೆಕ್ಕ. ಜನ ಒರಗುತ್ತಾರೆ, ಮಕ್ಕಳು ಹತ್ತುತ್ತಾರೆ. ಎಂಜಿನಿಯರ್ ಕೊಟ್ಟ ನಕ್ಷೆ ಇಲ್ಲದೆ ಅದಕ್ಕೆ ಕೈ ಹಾಕಬೇಡಿ.

ಹೊಸಬರು ಸೋಲುವುದು ದರ ಹೇಳುವಾಗ. ಅಳೆಯಬೇಕಾದ್ದು ನೆಲವನ್ನಲ್ಲ, ಶಿಲ್ಪದ ಮೈಯನ್ನು. ಮಡಿಕೆ, ಕೊರಕಲುಗಳ ಒಳಗೂ ಟೇಪು ಹೋಗಬೇಕು. 100 ಚದರಡಿ ಮೈಗೆ ಎರಡು ಇಂಚು ದಪ್ಪವಾದರೆ 1:3 ಗಾರೆಗೆ ಪೋಲು ಸೇರಿ ಐದು ಚೀಲ ಸಿಮೆಂಟು ಹಿಡಿಯಿರಿ. ಆಳಿನ ಖರ್ಚು ಅದಕ್ಕಿಂತ ಬಹಳ ಹೆಚ್ಚು. ಬಯಲಿನ ಕೆಲಸ ಅಕ್ಟೋಬರ್ ಕೊನೆಯಿಂದ ಮೇ ತನಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲಿ ಅಚ್ಚು, ಕುಂಡ, ಮಣ್ಣಿನ ಮಾದರಿ ಮಾಡುತ್ತಾ ಸಂಪಾದಿಸುವ ದಾರಿ ಇಟ್ಟುಕೊಳ್ಳಿ. ಒಪ್ಪಂದದಲ್ಲಿ ನೂರಕ್ಕೆ ಹತ್ತು ಪಾಲು ಹಣವನ್ನು ಒಂದು ಮಳೆಗಾಲ ಕಳೆದ ಮೇಲೆ ಪಡೆಯುವುದಾಗಿ ನೀವೇ ಬರೆಸಿ. ಅಕ್ಟೋಬರ್‌ನಲ್ಲಿ ಹೋಗಿ ಪಾಚಿ ತೊಳೆದು, ಕೂದಲೆಳೆ ಬಿರುಕು ಮುಚ್ಚಿ, ಒಣಗಿದ ಮೇಲೆ ನೀರು ಒಳಗಿಳಿಯದಂತೆ ತಡೆಯುವ ಸೀಲರ್ ಒಂದು ಕೈ ಹೊಡೆದು ಬಾಕಿ ತೆಗೆದುಕೊಳ್ಳಿ.