ಕೂಗಿದರೆ ಹಿಮ ಕುಸಿಯುವುದಿಲ್ಲ

ಗುಲ್ಮಾರ್ಗ್‌ಗೆ ಸ್ಕೀಯಿಂಗ್ ಹೊರಟವರ ನಡುವೆ ಒಂದು ಮಾತು ಓಡಾಡುತ್ತಿದೆ: ‘ಇಳಿಜಾರಿನಲ್ಲಿ ಕೂಗಿದರೆ ಹಿಮಕುಸಿತ ಆಗುತ್ತದೆ, ಬಾಯಿ ಮುಚ್ಚಿಕೊಂಡು ಹೋದರೆ ಭಯವಿಲ್ಲ.’

ಇದು ನಿಜವಲ್ಲ. ಸಿನಿಮಾಕ್ಕೆ ಸರಿ, ಅಷ್ಟೇ. ನಮ್ಮ ದನಿಗೆ ಹಿಮದ ಪದರ ಮುರಿಯುವಷ್ಟು ಬಲವಿಲ್ಲ. ಮುರಿಯುವುದು ಮೈಭಾರ. ಗಾಳಿ ತಂದು ಒಟ್ಟಿದ ಗಟ್ಟಿ ಹಿಮದ ಕೆಳಗೆ ಸಕ್ಕರೆಯಂಥ ಸಡಿಲ ಹರಳುಗಳ ಪದರ ಅಡಗಿರಬಹುದು. ಒಬ್ಬರು ಹಾದರೂ ಸಾಕು, ಮೇಲಿನ ಹಿಮವೆಲ್ಲ ಬಿರುಕು ಬಿಟ್ಟು ಹಲಗೆಯಾಗಿ ಜಾರುತ್ತದೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಇದು ಜಾಸ್ತಿ. ಹೊಸ ಹಿಮ ಬಿದ್ದ ಮರುದಿನ ಬಿಸಿಲು ಬಂತೆಂದು ಸುಮ್ನೆ ನಂಬಬೇಡಿ.

ಕಾಲಡಿ ‘ಧಪ್’ ಎಂದು ಹಿಮ ಕೂತ ಸದ್ದು ಕೇಳಿತೇ? ಕಡಿಮೆ ಇಳಿಜಾರಿನ ಕಡೆ ಸರಿಯಿರಿ. ಜೊತೆಯವರನ್ನು ಧಾರಾಳವಾಗಿ ಕೂಗಿ ಎಚ್ಚರಿಸಿ.